ಪತ್ರಿಕೆಯ ಲೆಕ್ಕವೂ ಪತ್ರಿಕೆಯ ಚರಿತ್ರೆಯೂ: ತಿರುವನಂತಪುರ, ಕೊಚ್ಚಿ ಮತ್ತು ಕನ್ನಡದ ಕೆಲವು ನಿದರ್ಶನಗಳು

೧

ಕನ್ನಡ ಪತ್ರಿಕೆಗಳ ಚರಿತ್ರೆಯನ್ನು ಕುರಿತ ಅಧ್ಯಯನಗಳು ಸಾಮಾನ್ಯವಾಗಿ ಸಂಪಾದಕರ ಚರಿತ್ರೆಗಳಾಗಿವೆ. ಯಾರು ಯಾವ ವರ್ಷ ಪತ್ರಿಕೆಯನ್ನು ಆರಂಭಿಸಿದರು, ಯಾವ ಲೇಖನದಿಂದ ಆಳುವವರ ಕೋಪಕ್ಕೆ ಗುರಿಯಾದರು, ಯಾವ ಚಳವಳಿಗೆ ದನಿಯಾದರು ಎಂಬ ಸಂಗತಿಗಳನ್ನು ನಮ್ಮ ವಿದ್ವಾಂಸರು ಶ್ರದ್ಧೆಯಿಂದ ಸಂಗ್ರಹಿಸಿದ್ದಾರೆ. ಆದರೆ ಆ ಪತ್ರಿಕೆಗೆ ಕಾಗದವನ್ನು ಯಾರು ಸಾಲವಾಗಿ ಕೊಟ್ಟರು, ಮೊಳೆ ಜೋಡಿಸುವವನ ಸಂಬಳ ಯಾವ ಬಾಬಿನಿಂದ ಬಂತು, ಚಂದಾದಾರರಲ್ಲಿ ಹಣ ಕೊಟ್ಟವರೆಷ್ಟು, ಬಾಕಿ ಉಳಿಸಿಕೊಂಡವರೆಷ್ಟು ಎಂಬ ಪ್ರಶ್ನೆಗಳು ಅಡಿಟಿಪ್ಪಣಿಗಳಲ್ಲಿಯೂ ಅಪರೂಪ. ಪತ್ರಿಕೆ ‘ಆರ್ಥಿಕ ಮುಗ್ಗಟ್ಟಿನಿಂದ ನಿಂತುಹೋಯಿತು’ ಎಂಬ ಒಂದು ವಾಕ್ಯದಲ್ಲಿ ಎಷ್ಟೋ ಪತ್ರಿಕೆಗಳ ಕಥೆ ಮುಗಿದುಹೋಗುತ್ತದೆ. ಆ ಮುಗ್ಗಟ್ಟು ಎಂತಹುದು, ಅದನ್ನು ಮೊದಲೇ ಕಾಣಲು ಸಾಧ್ಯವಿತ್ತೆ ಎಂದು ಕೇಳಿದವರು ವಿರಳ.

ಪ್ರಸ್ತುತ ಲೇಖನದ ಉದ್ದೇಶ ಈ ಕೊರತೆಯ ಕಡೆಗೆ ಗಮನ ಸೆಳೆಯುವುದು. ಪತ್ರಿಕೆಯ ವ್ಯವಸ್ಥಾಪಕನ ಮೇಜಿನ ಮೇಲಿರುವ ಮೂರು ಬಗೆಯ ಲೆಕ್ಕಗಳನ್ನು, ಎಂದರೆ ಮುಂಗಡಪತ್ರ, ಮುನ್ನಂದಾಜು ಮತ್ತು ಲಾಭನಷ್ಟದ ತಖ್ತೆಗಳನ್ನು, ಚರಿತ್ರೆಯ ಆಕರಗಳೆಂದು ಹೇಗೆ ಓದಬಹುದು ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ. ನಿದರ್ಶನಗಳನ್ನು ಮುಖ್ಯವಾಗಿ ಹಿಂದಿನ ತಿರುವಾಂಕೂರು ಮತ್ತು ಕೊಚ್ಚಿ ಸಂಸ್ಥಾನಗಳಿಂದ ಆಯ್ದು, ಕನ್ನಡದ ಪತ್ರಿಕೆಗಳೊಡನೆ ಹೋಲಿಸಲಾಗಿದೆ. ಕರ್ನಾಟಕದ ಹೊರಗಿದ್ದು ಕನ್ನಡದ ಸಂಶೋಧನೆ ನಡೆಸುವವರಿಗೆ ಇಂತಹ ತೌಲನಿಕ ನೋಟ ಹತ್ತಿರವೂ ಹೌದು, ಸಾಧ್ಯವೂ ಹೌದು.

೨

ಲೆಕ್ಕ ಎಂಬುದು ನಮ್ಮ ಸಂಸ್ಕೃತಿಗೆ ಮುದ್ರಣದೊಡನೆ ಬಂದದ್ದಲ್ಲ. ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿಯನ್ನು ಬಳಿದ ಬಟ್ಟೆಯನ್ನು ಮಡಿಸಿ, ಬಳಪದಿಂದ ಬರೆದ ಕಡತಗಳು ಶೃಂಗೇರಿ ಮಠದಲ್ಲಿಯೂ ಮಲೆನಾಡಿನ ಅನೇಕ ಮನೆತನಗಳಲ್ಲಿಯೂ ಉಳಿದುಬಂದಿವೆ. ತಿರುವನಂತಪುರದ ಪದ್ಮನಾಭಸ್ವಾಮಿ ದೇವಾಲಯದ ಮದಿಲಗಂ ದಾಖಲೆಗಳು ಓಲೆಗರಿಯಲ್ಲಿ ಅದೇ ಕೆಲಸವನ್ನು ಮಾಡಿವೆ. ಕನ್ನಡದ ಮಧ್ಯಕಾಲೀನ ಸಾಹಿತ್ಯದಲ್ಲಿಯೂ ಲೆಕ್ಕ ಒಂದು ನೈತಿಕ ಪರೀಕ್ಷೆಯಾಗಿ ಬರುತ್ತದೆ. ಬಿಜ್ಜಳನ ಭಂಡಾರದ ಹೊಣೆ ಹೊತ್ತ ಬಸವಣ್ಣ ಅರಸನ ಹಣವನ್ನು ಜಂಗಮರಿಗೆ ವ್ಯಯಿಸುತ್ತಿದ್ದಾನೆಂಬ ದೂರು, ಅದರ ಮೇಲೆ ನಡೆದ ತಪಾಸಣೆ, ಭಂಡಾರದಲ್ಲಿ ಕೊರತೆ ಕಾಣದೆ ಹೋದದ್ದು, ಇವು ೧೩೬೯ರಲ್ಲಿ ಭೀಮಕವಿ ರಚಿಸಿದ ‘ಬಸವಪುರಾಣ’ವೇ ಮೊದಲಾದ ಕೃತಿಗಳ ಪರಂಪರೆಯಲ್ಲಿ ಪ್ರಸಿದ್ಧವಾದ ಪ್ರಸಂಗ. ಪುರಾಣದ ಪವಾಡದ ಅಂಶವನ್ನು ಬದಿಗಿಟ್ಟು ನೋಡಿದರೆ ಅಲ್ಲಿ ಎತ್ತಿದ ಪ್ರಶ್ನೆ ಸ್ಪಷ್ಟವಾಗಿದೆ: ಒಬ್ಬರ ಹಣವನ್ನು ಇನ್ನೊಬ್ಬರ ಹಿತಕ್ಕಾಗಿ ನಿರ್ವಹಿಸುವವನು ಯಾರಿಗೆ ಉತ್ತರ ಹೇಳಬೇಕು? ಮುಂದೆ ಪತ್ರಿಕೆಯ ಮಾಲೀಕ, ಸಂಪಾದಕ, ಓದುಗ ಈ ಮೂವರ ನಡುವೆ ಏಳುವ ಪ್ರಶ್ನೆಯೂ ಇದೇ.

ತಿರುವನಂತಪುರದ ಚಾಲೈ ಈ ದೃಷ್ಟಿಯಿಂದ ಅರ್ಥಪೂರ್ಣವಾದ ಸ್ಥಳ. ರಾಜರಾಜ ಚೋಳನ ಪ್ರಶಸ್ತಿಯಲ್ಲಿ ಬರುವ ಕಾಂದಳೂರು ಶಾಲೈಯನ್ನು ಕೆಲವು ವಿದ್ವಾಂಸರು ಚಾಲೈಯ ಪಕ್ಕದ ವಲಿಯಶಾಲೆಯ ಪರಿಸರದಲ್ಲಿ ಗುರುತಿಸುತ್ತಾರೆ. ಆ ಗುರುತು ಸರಿಯಾದರೆ, ಒಂದು ಕಾಲಕ್ಕೆ ವಿದ್ಯೆಯ ನೆಲೆಯಾಗಿದ್ದ ಪ್ರದೇಶದ ನೆರೆಯಲ್ಲಿಯೇ, ೧೭೮೯ರಿಂದ ೧೭೯೮ರವರೆಗೆ ದಿವಾನನಾಗಿದ್ದ ರಾಜಾ ಕೇಶವದಾಸನು ಕೋಟೆಯ ಪೂರ್ವಕ್ಕೆ ಚಾಲೈ ಪೇಟೆಯನ್ನು ಕಟ್ಟಿಸಿದಂತಾಗುತ್ತದೆ. ಅಕ್ಷರವೂ ಅಂಗಡಿಯೂ ನೆರೆಹೊರೆಯಾಗಿರುವ ಈ ಸ್ಥಿತಿ ಪತ್ರಿಕೆಯದೂ ಹೌದು. ಪತ್ರಿಕೆಯ ಒಂದು ಮುಖ ಶಾಲೆ, ಇನ್ನೊಂದು ಮುಖ ಪೇಟೆ. ಈ ಎರಡನೆಯ ಮುಖವನ್ನು ನೋಡಲು ನಮ್ಮ ಚರಿತ್ರೆಕಾರರು ಸಂಕೋಚಪಟ್ಟಿದ್ದಾರೆ.

೩

ಮೊದಲು ಬಂಡವಾಳದ ಮೂಲವನ್ನು ಪರಿಶೀಲಿಸಬಹುದು. ಹರ್ಮನ್ ಮೋಗ್ಲಿಂಗ್ ೧೮೪೩ರ ಜುಲೈ ೧ರಂದು ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದಾಗ ಅದರ ಬೆನ್ನಿಗೆ ಬಾಸೆಲ್ ಮಿಷನ್ ಇತ್ತು. ೧೮೪೪ರಲ್ಲಿ ಪತ್ರಿಕೆ ಬಳ್ಳಾರಿಗೆ ಹೋಗಿ, ಮೊಳೆಯಚ್ಚಿನಲ್ಲಿ ‘ಕನ್ನಡ ಸಮಾಚಾರ’ ಎಂಬ ಹೆಸರು ತಾಳಿತು. ೧೮೪೭ರಲ್ಲಿ ತಲಶ್ಶೇರಿಯ ಬಳಿಯ ಇಲ್ಲಿಕ್ಕುನ್ನಿನಿಂದ ಹರ್ಮನ್ ಗುಂಡರ್ಟ್ ಹೊರತಂದ ಮಲಯಾಳದ ‘ರಾಜ್ಯಸಮಾಚಾರಂ’ ಪತ್ರಿಕೆಯೂ ಇದೇ ಮಿಷನ್ನಿನ ಆಶ್ರಯದ್ದು. ಇಂತಹ ಪತ್ರಿಕೆಗಳ ಉಳಿವು ಚಂದಾದಾರರೊಬ್ಬರನ್ನೇ ನೆಚ್ಚಿರಲಿಲ್ಲ. ಧರ್ಮಪ್ರಸಾರಕ್ಕೆಂದು ಬರುವ ಹಣದಲ್ಲಿ ಮುದ್ರಣವೂ ಒಂದು ಬಾಬು. ಆದ್ದರಿಂದ ಇಲ್ಲಿ ಮುಂಗಡಪತ್ರವಿತ್ತು. ಲಾಭನಷ್ಟದ ತಖ್ತೆಯ ಒತ್ತಡ ಇರಲಿಲ್ಲ.

ಕೊಚ್ಚಿಯ ‘ಕೇರಳಮಿತ್ರಂ’ ಇದಕ್ಕಿಂತ ಭಿನ್ನವಾದ ಬಗೆ. ಗುಜರಾತಿ ವ್ಯಾಪಾರಿ ದೇವಜಿ ಭೀಮಜಿ ಮೊದಲು ಮುದ್ರಣಾಲಯವನ್ನು ಸ್ಥಾಪಿಸಿ, ಅನಂತರ ೧೮೮೧ರಲ್ಲಿ ಈ ಪತ್ರಿಕೆಯನ್ನು ಆರಂಭಿಸಿದನು. ತನ್ನ ಮಾತೃಭಾಷೆಯಲ್ಲದ ಭಾಷೆಯಲ್ಲಿ ಪತ್ರಿಕೆ ನಡೆಸಲು ಅವನು ಸಂಪಾದಕನನ್ನಾಗಿ ಆರಿಸಿಕೊಂಡದ್ದು ಕಂಡತ್ತಿಲ್ ವರ್ಗೀಸ್ ಮಾಪ್ಪಿಳ್ಳೆಯವರನ್ನು. ಇಲ್ಲಿ ಎರಡು ಸಂಗತಿಗಳು ಗಮನಾರ್ಹ. ಒಂದು, ಮುದ್ರಣಾಲಯ ಮೊದಲು, ಪತ್ರಿಕೆ ಅನಂತರ ಎಂಬ ಕ್ರಮ. ಪುಸ್ತಕ ಮತ್ತು ಬಿಡಿ ಮುದ್ರಣದ ಕೆಲಸದಿಂದ ಯಂತ್ರದ ಖರ್ಚನ್ನು ಮೊದಲು ಹೊರುವ ಏರ್ಪಾಡು ಆದ ಬಳಿಕ ಪತ್ರಿಕೆಯ ಹೊಸ ಖರ್ಚು ಹಗುರವಾಗುತ್ತದೆ. ಎರಡು, ಬಂಡವಾಳ ಹಾಕುವವನೂ ಬರೆಯುವವನೂ ಬೇರೆಯಾದದ್ದು. ಕನ್ನಡದಲ್ಲಿ ಬಹಳ ಕಾಲ ಸಂಪಾದಕನೇ ಮಾಲೀಕ, ಅವನೇ ವ್ಯವಸ್ಥಾಪಕ, ಎಷ್ಟೋ ವೇಳೆ ಅವನೇ ಕರಡು ತಿದ್ದುವವನು ಎಂಬ ಸ್ಥಿತಿ ಇದ್ದದ್ದನ್ನು ನೆನೆದರೆ ಈ ಭೇದದ ಮಹತ್ತ್ವ ತಿಳಿಯುತ್ತದೆ.

ಕೊಚ್ಚಿಯ ಈ ಅನುಭವವನ್ನು ಪಡೆದ ವರ್ಗೀಸ್ ಮಾಪ್ಪಿಳ್ಳೆಯವರು ೧೮೮೮ರಲ್ಲಿ ಕೋಟ್ಟಯಂನಲ್ಲಿ ‘ಮಲಯಾಳ ಮನೋರಮಾ’ ಕಂಪನಿಯನ್ನು ಸ್ಥಾಪಿಸಿದಾಗ ಮೂರನೆಯ ಬಗೆ ಕಾಣಿಸಿಕೊಂಡಿತು. ತಲಾ ೧೦೦ ರೂಪಾಯಿಯ ೧೦೦ ಷೇರುಗಳು. ಹಣವನ್ನು ನಾಲ್ಕು ಸಮಾನ ಕಂತುಗಳಲ್ಲಿ ಕೊಡತಕ್ಕದ್ದು. ಮೊದಲ ಕಂತಿನಿಂದ ಲಂಡನ್ನಿನಲ್ಲಿ ತಯಾರಾದ ಹಾಪ್ಕಿನ್ಸನ್ ಅಂಡ್ ಕೋಪ್ ಮುದ್ರಣ ಯಂತ್ರವನ್ನು ಕೊಳ್ಳಲಾಯಿತು. ಪತ್ರಿಕೆಯ ಮೊದಲ ಸಂಚಿಕೆ ಬಂದದ್ದು ೧೮೯೦ರ ಮಾರ್ಚ್ ೨೨ರಂದು. ಎಂದರೆ ಕಂಪನಿ ಹುಟ್ಟಿ ಪತ್ರಿಕೆ ಹೊರಡುವುದರೊಳಗೆ ಎರಡು ವರ್ಷಗಳು ಕಳೆದವು. ಆ ಅವಧಿಯಲ್ಲಿ ಪತ್ರಿಕೆಯಿಂದ ಒಂದು ಕಾಸೂ ಬರುವಂತಿರಲಿಲ್ಲ. ಖರ್ಚು ಮಾತ್ರ ನಡೆಯುತ್ತಿತ್ತು. ಕಂತಿನ ಏರ್ಪಾಡು ಈ ಅಂತರವನ್ನು ದಾಟುವ ಸೇತುವೆ. ಮುಂಗಡಪತ್ರವೆಂದರೆ ಹಣ ಎಷ್ಟು ಬೇಕು ಎಂಬ ಪಟ್ಟಿ ಮಾತ್ರವಲ್ಲ, ಅದು ಯಾವಾಗ ಬೇಕು ಎಂಬ ಕಾಲಪಟ್ಟಿಯೂ ಹೌದೆಂಬುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ದೊರೆಯದು.

ಕನ್ನಡದಲ್ಲಿ ಈ ಬಗೆಗಳೆಲ್ಲ ಬೇರೆ ಬೇರೆ ಕಾಲದಲ್ಲಿ ಮರುಕಳಿಸಿವೆ. ವೆಸ್ಲಿಯನ್ ಮಿಷನ್ನಿನವರು ೧೮೮೭ರಲ್ಲಿ ಮೈಸೂರಿನಲ್ಲಿ ಆರಂಭಿಸಿದ ‘ವೃತ್ತಾಂತ ಪತ್ರಿಕೆ’ ಮೊದಲ ಬಗೆಯದು. ಅಬಕಾರಿ ಉದ್ಯಮದಲ್ಲಿದ್ದ ಕೆ. ಎನ್. ಗುರುಸ್ವಾಮಿಯವರು ೧೯೪೮ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ‘ಪ್ರಜಾವಾಣಿ’, ಮಣಿಪಾಲದ ಪೈ ಮನೆತನದವರು ೧೯೭೦ರ ಜನವರಿ ೧ರಂದು ಆರಂಭಿಸಿದ ‘ಉದಯವಾಣಿ’ ಇವು ಬೇರೆ ಉದ್ಯಮದಲ್ಲಿ ಕೂಡಿದ ಬಂಡವಾಳ ಪತ್ರಿಕೆಗೆ ಹರಿದುಬಂದ ಬಗೆಯವು. ಲೋಕಶಿಕ್ಷಣ ಟ್ರಸ್ಟಿನ ‘ಸಂಯುಕ್ತ ಕರ್ನಾಟಕ’ ಲಾಭ ಹಂಚಿಕೊಳ್ಳುವ ಮಾಲೀಕನಿಲ್ಲದ ಇನ್ನೊಂದು ಮಾದರಿ.

೪

ಲಾಭನಷ್ಟದ ತಖ್ತೆಯನ್ನು ಓದುವ ಬಗೆಯನ್ನು ಒಂದು ಕಲ್ಪಿತ ಉದಾಹರಣೆಯಿಂದ ಸ್ಪಷ್ಟಪಡಿಸಬಹುದು. ಇಪ್ಪತ್ತನೆಯ ಶತಮಾನದ ಆರಂಭದ ಒಂದು ವಾರಪತ್ರಿಕೆಯನ್ನು ಊಹಿಸಿಕೊಳ್ಳೋಣ. ಅದಕ್ಕೆ ೧,೦೦೦ ಚಂದಾದಾರರು; ವರ್ಷದ ಚಂದಾ ೩ ರೂಪಾಯಿ. ಬಾಡಿಗೆ, ಸಂಬಳ, ಮೊಳೆಯ ಸವೆತ ಮುಂತಾದ ಸ್ಥಿರ ಖರ್ಚು ೧,೭೦೦ ರೂಪಾಯಿ. ಕಾಗದ ಮತ್ತು ಅಂಚೆಯ ಖರ್ಚು ೮೦೦ ರೂಪಾಯಿ. ಬರಬೇಕಾದ ಚಂದಾ ೩,೦೦೦, ಒಟ್ಟು ಖರ್ಚು ೨,೫೦೦. ಖಾತೆಯ ಪ್ರಕಾರ ೫೦೦ ರೂಪಾಯಿ ಲಾಭ. ಆದರೆ ೪೦೦ ಜನ ಚಂದಾ ಕಳುಹಿಸಲಿಲ್ಲ. ಕೈಗೆ ಬಂದದ್ದು ೧,೮೦೦ ಮಾತ್ರ. ಕಿರ್ದಿ ಪುಸ್ತಕದ ಪ್ರಕಾರ ೭೦೦ ರೂಪಾಯಿ ಕೊರತೆ. ಒಂದೇ ಪತ್ರಿಕೆ, ಒಂದೇ ವರ್ಷ. ಒಂದು ಪುಸ್ತಕದಲ್ಲಿ ಲಾಭ, ಇನ್ನೊಂದರಲ್ಲಿ ನಷ್ಟ. ಎರಡೂ ಸುಳ್ಳಲ್ಲ. ಮೊದಲನೆಯದು ಹಕ್ಕನ್ನು ಹೇಳುತ್ತದೆ, ಎರಡನೆಯದು ಹಣವನ್ನು ಹೇಳುತ್ತದೆ. ಕಾಗದದ ವ್ಯಾಪಾರಿಗೆ ಬೇಕಾದದ್ದು ಹಣ.

ಬಾಕಿದಾರರಿಗೆ ಪತ್ರಿಕೆ ಕಳುಹಿಸುವುದನ್ನು ನಿಲ್ಲಿಸಿದರೆ ಏನಾದೀತು? ಕಾಗದ ಮತ್ತು ಅಂಚೆಯಲ್ಲಿ ೩೨೦ ರೂಪಾಯಿ ಉಳಿಯುತ್ತದೆ. ಸ್ಥಿರ ಖರ್ಚಿನಲ್ಲಿ ಏನೂ ಉಳಿಯದು. ಕೊರತೆ ೭೦೦ರಿಂದ ೩೮೦ಕ್ಕೆ ಇಳಿಯುತ್ತದೆ, ಮಾಯವಾಗುವುದಿಲ್ಲ. ಪತ್ರಿಕೆಯ ಅರ್ಥವ್ಯವಸ್ಥೆಯ ಮರ್ಮ ಇಲ್ಲಿದೆ. ಮೊದಲ ಪ್ರತಿಯನ್ನು ಸಿದ್ಧಪಡಿಸುವುದಕ್ಕೇ ದೊಡ್ಡ ವೆಚ್ಚ ತಗಲುತ್ತದೆ. ಅನಂತರದ ಪ್ರತಿಗಳು ಅಗ್ಗ. ಓದುಗರು ಕಡಿಮೆಯಾದಷ್ಟೂ ಪ್ರತಿಯೊಬ್ಬ ಓದುಗನ ತಲೆಯ ಮೇಲಿನ ಹೊರೆ ಹೆಚ್ಚುತ್ತದೆ. ಮುದ್ರಣಾಲಯ ಲಗ್ನಪತ್ರಿಕೆ, ರಶೀದಿ ಪುಸ್ತಕ, ಅಂಗಡಿಯ ಪಟ್ಟಿಗಳನ್ನು ಅಚ್ಚು ಮಾಡಿ ೪೦೦ ರೂಪಾಯಿ ಉಳಿಸಿದರೆ ಆಗ ೨೦ ರೂಪಾಯಿ ಮಿಗುತ್ತದೆ. ಎಂದರೆ ಸಂಪಾದಕೀಯದ ಧೈರ್ಯಕ್ಕೆ ಪೇಟೆಯ ರಶೀದಿ ಪುಸ್ತಕ ಆಸರೆಯಾಗುತ್ತದೆ. ಹಳೆಯ ಪತ್ರಿಕೆಗಳ ಹೊರಪುಟದಲ್ಲಿ ಮುದ್ರಣ ಕೆಲಸದ ಪ್ರಕಟಣೆಯನ್ನೂ ಒಳಪುಟದಲ್ಲಿ ಬಾಕಿದಾರರಿಗೆ ಮಾಡಿಕೊಂಡ ಬಿನ್ನಹವನ್ನೂ ಕಂಡಾಗ ಸಂಶೋಧಕರು ಅವನ್ನು ಅಲಕ್ಷಿಸಬಾರದು. ಲೆಕ್ಕಪುಸ್ತಕ ಕಳೆದುಹೋದ ಪತ್ರಿಕೆಯ ಲಾಭನಷ್ಟದ ತಖ್ತೆ ಈ ಎರಡು ಪ್ರಕಟಣೆಗಳ ನಡುವೆ ಅಡಗಿರುತ್ತದೆ.

೫

ಮುನ್ನಂದಾಜು ಇನ್ನೂ ಕಷ್ಟದ ವಿಷಯ. ಏಕೆಂದರೆ ಅದರಲ್ಲಿ ಆಳುವವರ ಮನಸ್ಸನ್ನೂ ಎಣಿಕೆಗೆ ತೆಗೆದುಕೊಳ್ಳಬೇಕಾಗುತ್ತದೆ. ವಕ್ಕಂ ಅಬ್ದುಲ್ ಖಾದರ್ ಮೌಲವಿಯವರು ೧೯೦೫ರಲ್ಲಿ ಅಂಜುತೆಂಗಿನಲ್ಲಿ ‘ಸ್ವದೇಶಾಭಿಮಾನಿ’ಯನ್ನು ಆರಂಭಿಸಿದರು. ಇಂಗ್ಲೆಂಡಿನಿಂದ ಮುದ್ರಣ ಯಂತ್ರವನ್ನು ತರಿಸಿದರು. ೧೯೦೬ರಲ್ಲಿ ಕೆ. ರಾಮಕೃಷ್ಣ ಪಿಳ್ಳೆಯವರು ಸಂಪಾದಕರಾದರು. ೧೯೦೭ರಲ್ಲಿ ಪತ್ರಿಕೆ ತಿರುವನಂತಪುರಕ್ಕೆ ಬಂತು. ಮಾಲೀಕರು ಸಂಪಾದಕರಿಗೆ ಪೂರ್ಣ ಸ್ವಾತಂತ್ರ್ಯವನ್ನು ಕೊಟ್ಟಿದ್ದರು. ದಿವಾನ ಪಿ. ರಾಜಗೋಪಾಲಾಚಾರಿಯ ಆಡಳಿತವನ್ನು ಪತ್ರಿಕೆ ನಿರ್ದಾಕ್ಷಿಣ್ಯವಾಗಿ ಟೀಕಿಸಿತು. ೧೯೧೦ರ ಸೆಪ್ಟೆಂಬರ್ ೨೬ರಂದು ಸಂಪಾದಕರನ್ನು ಬಂಧಿಸಿ ಸಂಸ್ಥಾನದಿಂದ ಗಡಿಪಾರು ಮಾಡಲಾಯಿತು. ಮುದ್ರಣಾಲಯವನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು.

ಈ ಘಟನೆಯನ್ನು ಸಂಪಾದಕರ ತ್ಯಾಗವೆಂದು ಕೇರಳ ನೆನೆಯುತ್ತದೆ, ಅದು ಉಚಿತವೇ. ಆದರೆ ಲೆಕ್ಕದ ಕಣ್ಣಿನಿಂದ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಬರೆದವರು ಒಬ್ಬರು, ಬಂಡವಾಳ ಕಳೆದುಕೊಂಡವರು ಇನ್ನೊಬ್ಬರು. ಅಡಾವೆ ಪತ್ರಿಕೆಯಲ್ಲಿ ಯಂತ್ರವನ್ನು ಆಸ್ತಿ ಎಂದು ಬರೆಯುವಾಗ, ಅದು ಒಂದೇ ದಿನದಲ್ಲಿ ಶೂನ್ಯವಾಗಬಹುದೆಂಬ ಸಂಭವಕ್ಕೆ ಯಾವ ಅಂಕಣವೂ ಇಲ್ಲ. ಆ ಸಂಭವ ಗೊತ್ತಿದ್ದೂ ಸಂಪಾದಕನ ಕೈ ಹಿಡಿಯದಿದ್ದ ಮಾಲೀಕನ ತ್ಯಾಗ ಲೆಕ್ಕಪುಸ್ತಕವನ್ನು ತೆರೆಯದೆ ನಮಗೆ ಕಾಣುವುದಿಲ್ಲ. ಗಡಿಪಾರಾದ ರಾಮಕೃಷ್ಣ ಪಿಳ್ಳೆಯವರು ೧೯೧೨ರಲ್ಲಿ ‘ವೃತ್ತಾಂತ ಪತ್ರ ಪ್ರವರ್ತನಂ’ ಎಂಬ ಶಾಸ್ತ್ರಗ್ರಂಥವನ್ನು ಪ್ರಕಟಿಸಿ ಪತ್ರಿಕಾವೃತ್ತಿಯನ್ನು ಕ್ರಮಬದ್ಧವಾಗಿ ವಿವರಿಸಿದರು. ಡಿ. ವಿ. ಗುಂಡಪ್ಪನವರ ‘ವೃತ್ತಪತ್ರಿಕೆ’ ಬಂದದ್ದು ೧೯೨೮ರಲ್ಲಿ. ಪತ್ರಿಕೆಯನ್ನು ಸ್ವತಃ ನಡೆಸಿ ನೊಂದವರು ಬರೆದ ಈ ಎರಡು ಗ್ರಂಥಗಳ ತೌಲನಿಕ ಅಧ್ಯಯನ ಕನ್ನಡ ಮಲಯಾಳಗಳೆರಡನ್ನೂ ಬಲ್ಲ ಸಂಶೋಧಕರಿಗೆ ಒಳ್ಳೆಯ ವಿಷಯ.

ಇದೇ ಹೆಸರಿನ ಕನ್ನಡ ವಾರಪತ್ರಿಕೆ ‘ಸ್ವದೇಶಾಭಿಮಾನಿ’ಯನ್ನು ವಿ. ಎಸ್. ಕಾಮತರು ೧೯೦೭ರಲ್ಲಿ ಮಂಗಳೂರಿನಿಂದ ಆರಂಭಿಸಿದ್ದರು. ಹೆಸರು ಒಂದೇ ಆದರೂ ಎರಡು ಪತ್ರಿಕೆಗಳು ಎದುರಿಸಬೇಕಾಗಿದ್ದ ಅಪಾಯ ಬೇರೆ ಬೇರೆ. ಮಂಗಳೂರು ಬ್ರಿಟಿಷ್ ಆಡಳಿತದಲ್ಲಿತ್ತು. ೧೯೧೦ರ ಪತ್ರಿಕಾ ಶಾಸನದ ಪ್ರಕಾರ ಹೊಸ ಮುದ್ರಣಾಲಯದಿಂದ ೫೦೦ರಿಂದ ೨,೦೦೦ ರೂಪಾಯಿಯವರೆಗೆ, ಹಳೆಯದರಿಂದ ೫೦೦ರಿಂದ ೫,೦೦೦ ರೂಪಾಯಿಯವರೆಗೆ ಠೇವಣಿ ಕೇಳಲು ಅವಕಾಶವಿತ್ತು. ಅದು ಮುಟ್ಟುಗೋಲಾದರೆ ಮುಂದಿನ ಠೇವಣಿ ೧೦,೦೦೦ ರೂಪಾಯಿಯವರೆಗೆ ಏರಬಹುದಾಗಿತ್ತು. ಹತ್ತಿರ ಹತ್ತಿರ ಇದೇ ಕಾಲದಲ್ಲಿ ಕೋಟ್ಟಯಂನ ಒಂದು ಇಡೀ ಕಂಪನಿ ೧೦,೦೦೦ ರೂಪಾಯಿಯ ಷೇರಿನ ಮೇಲೆ ನಿಂತಿತ್ತೆಂಬುದನ್ನು ನೆನೆದರೆ ಈ ಮೊತ್ತದ ಭಾರ ಅರ್ಥವಾಗುತ್ತದೆ. ಇಲ್ಲಿ ಅಪಾಯಕ್ಕೆ ಒಂದು ಬೆಲೆಯಾದರೂ ಇತ್ತು. ಅದನ್ನು ಮುಂಗಡಪತ್ರದಲ್ಲಿ ಬರೆದುಕೊಳ್ಳಬಹುದಾಗಿತ್ತು. ತಿರುವಾಂಕೂರಿನಲ್ಲಿ ಅದಕ್ಕೆ ಬೆಲೆ ಕಟ್ಟುವಂತಿರಲಿಲ್ಲ. ಮೈಸೂರು ಸಂಸ್ಥಾನದಲ್ಲಿ ೧೯೦೮ರ ವೃತ್ತಪತ್ರಿಕಾ ಶಾಸನ ಬಂದಾಗ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದ್ದನ್ನೂ ಈ ಬೆಳಕಿನಲ್ಲಿ ಮತ್ತೊಮ್ಮೆ ಪರಿಶೀಲಿಸಬೇಕು.

ಲಾಭದಲ್ಲಿದ್ದ ಪತ್ರಿಕೆಗೂ ಅಪಾಯ ತಪ್ಪಿದ್ದಲ್ಲ. ಮನೋರಮಾದ ಕೆ. ಸಿ. ಮಾಮ್ಮನ್ ಮಾಪ್ಪಿಳ್ಳೆಯವರು ಬ್ಯಾಂಕಿಂಗ್ ವ್ಯವಹಾರದಲ್ಲಿಯೂ ಇದ್ದರು. ೧೯೩೭ರಲ್ಲಿ ಎರಡು ಬ್ಯಾಂಕುಗಳು ಕೂಡಿ ಆದ ಟ್ರಾವಂಕೂರ್ ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕ್ ೧೯೩೮ರ ಜೂನ್ ತಿಂಗಳಲ್ಲಿ ವ್ಯವಹಾರ ನಿಲ್ಲಿಸಿತು. ದಿವಾನ ಸರ್ ಸಿ. ಪಿ. ರಾಮಸ್ವಾಮಿ ಅಯ್ಯರರ ಆಡಳಿತ ಅದೇ ವರ್ಷ ಮನೋರಮಾವನ್ನು ಮುಚ್ಚಿಸಿತು. ಪತ್ರಿಕೆ ಸ್ವಲ್ಪ ಕಾಲ ಕೊಚ್ಚಿ ಸಂಸ್ಥಾನಕ್ಕೆ ಸೇರಿದ್ದ ಕುನ್ನಂಕುಳದಿಂದ ಹೊರಟು, ಅನಂತರ ನಿಂತು, ೧೯೪೭ರಲ್ಲಿ ಕೋಟ್ಟಯಂನಲ್ಲಿ ಮರುಹುಟ್ಟು ಪಡೆಯಿತು. ಬೇರೆ ಉದ್ಯಮದ ಬಲ ಪತ್ರಿಕೆಗೆ ಆಸರೆಯಾಗುವಂತೆ ಆ ಉದ್ಯಮದ ಮೇಲೆ ಬಿದ್ದ ಏಟು ಪತ್ರಿಕೆಯನ್ನೂ ತಾಗುತ್ತದೆ. ಆದ್ದರಿಂದ ಪತ್ರಿಕೆಯ ಅಡಾವೆ ಪತ್ರಿಕೆಯೊಂದನ್ನೇ ಓದಿದರೆ ಸಾಲದು. ಮಾಲೀಕನ ಇತರ ಪುಸ್ತಕಗಳನ್ನೂ ಓದಬೇಕು.

೬

ಸ್ವಾತಂತ್ರ್ಯಾನಂತರ ಈ ಲೆಕ್ಕಗಳು ನ್ಯಾಯಾಲಯದ ವಿಷಯವಾದವು. ೧೯೫೫ರ ಶ್ರಮಜೀವಿ ಪತ್ರಕರ್ತರ ಅಧಿನಿಯಮದ ಅಡಿಯಲ್ಲಿ ವೇತನ ಮಂಡಳಿ ಮಾಡಿದ ನಿರ್ಣಯವನ್ನು, ಉದ್ಯಮದ ಕೊಡುವ ಶಕ್ತಿಯನ್ನು ಪರಿಗಣಿಸಿಲ್ಲವೆಂಬ ಕಾರಣದಿಂದ, ಸರ್ವೋಚ್ಚ ನ್ಯಾಯಾಲಯ ೧೯೫೮ರಲ್ಲಿ ಎಕ್ಸ್‌ಪ್ರೆಸ್ ನ್ಯೂಸ್‌ಪೇಪರ್ಸ್ ಮೊಕದ್ದಮೆಯಲ್ಲಿ ತಳ್ಳಿಹಾಕಿತು, ಅಧಿನಿಯಮವನ್ನು ಎತ್ತಿಹಿಡಿಯಿತು. ಪತ್ರಿಕೆಯ ಬೆಲೆಯನ್ನು ಪುಟಗಳ ಸಂಖ್ಯೆಗೆ ಕಟ್ಟಿಹಾಕಿದ ಸರ್ಕಾರಿ ಆದೇಶ ೧೯೬೧ರ ಸಕಾಳ್ ಮೊಕದ್ದಮೆಯಲ್ಲಿ ಬಿದ್ದುಹೋಯಿತು. ಹತ್ತು ಪುಟದ ಮಿತಿಯನ್ನು ಹೇರಿದ ಮುದ್ರಣ ಕಾಗದ ನೀತಿ ೧೯೭೨ರ ಬೆನೆಟ್ ಕೋಲ್ಮನ್ ಮೊಕದ್ದಮೆಯಲ್ಲಿ ಅಸಿಂಧುವಾಯಿತು. ಕಾಗದದ ಪ್ರಮಾಣ, ಪುಟ, ಬೆಲೆ, ಜಾಹೀರಾತು ಇವು ವ್ಯವಸ್ಥಾಪಕನ ಲೆಕ್ಕದ ಬಾಬುಗಳು ಮಾತ್ರವಲ್ಲ, ವಾಕ್ಸ್ವಾತಂತ್ರ್ಯದ ಅಂಗಗಳೆಂದು ಈ ತೀರ್ಪುಗಳು ಒಪ್ಪಿದಂತಾಯಿತು. ಕಾಗದದ ಕಥೆಗೂ ಕೇರಳದಲ್ಲಿ ಒಂದು ಅಧ್ಯಾಯವಿದೆ. ಕೋಟ್ಟಯಂ ಜಿಲ್ಲೆಯ ವೆಳ್ಳೂರಿನಲ್ಲಿ ೧೯೮೨ರಲ್ಲಿ ಉತ್ಪಾದನೆ ಆರಂಭಿಸಿದ ಕೇಂದ್ರ ಸರ್ಕಾರದ ಮುದ್ರಣ ಕಾಗದದ ಕಾರ್ಖಾನೆ ಮುಂದೆ ದಿವಾಳಿತನದ ಪ್ರಕ್ರಿಯೆಗೆ ಒಳಗಾಗಿ, ಕೇರಳ ಸರ್ಕಾರದ ಕೈಸೇರಿ, ಕೇರಳ ಪೇಪರ್ ಪ್ರಾಡಕ್ಟ್ಸ್ ಎಂಬ ಹೊಸ ಹೆಸರನ್ನು ಪಡೆಯಿತು.

ಜಾಹೀರಾತಿನ ವಿಷಯದಲ್ಲಿ ಕನ್ನಡ ಒಂದು ವಿಶಿಷ್ಟ ಪ್ರಯೋಗವನ್ನು ಕಂಡಿದೆ. ೧೯೮೦ರಲ್ಲಿ ಪಿ. ಲಂಕೇಶರು ಆರಂಭಿಸಿದ ವಾರಪತ್ರಿಕೆ ಜಾಹೀರಾತಿಲ್ಲದೆ, ಮಾರಾಟದ ಹಣದಿಂದಲೇ ನಡೆಯಿತು. ಆದಾಯದ ಬಾಬು ಒಂದೇ ಆದಾಗ ಉತ್ತರ ಹೇಳಬೇಕಾದದ್ದೂ ಓದುಗನೊಬ್ಬನಿಗೇ. ಆ ಪತ್ರಿಕೆಯ ಭಾಷೆ, ಶೀರ್ಷಿಕೆ, ಆಕ್ರೋಶಗಳನ್ನು ಸಾಹಿತ್ಯ ವಿಮರ್ಶೆ ವಿವೇಚಿಸಿದೆ. ಅವುಗಳ ಹಿಂದಿದ್ದ ಈ ಸರಳ ಆಯವ್ಯಯವನ್ನು ವಿವೇಚಿಸುವುದು ಉಳಿದಿದೆ.

ಗಡಿನಾಡಿನ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ೧೯೫೬ರ ನವೆಂಬರ್ ೧ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿನ ಕನ್ನಡ ಓದುಗನ ಭಾಷೆಯ ಪೇಟೆ ಮಂಗಳೂರು. ಅವನ ಆಡಳಿತದ ರಾಜಧಾನಿ ತಿರುವನಂತಪುರ. ಕಾಸರಗೋಡಿನ ಒಂದು ಕನ್ನಡ ಪತ್ರಿಕೆಯ ಮುಂಗಡಪತ್ರವನ್ನು ಊಹಿಸಿ ನೋಡಿದರೆ, ಓದುಗರ ಸಂಖ್ಯೆ ಕಿರಿದಾದ್ದರಿಂದ ಮೊದಲ ಪ್ರತಿಯ ವೆಚ್ಚ ಭಾರ. ಮಂಗಳೂರಿನ ದೊಡ್ಡ ಪತ್ರಿಕೆಗಳೊಡನೆ ಸ್ಪರ್ಧೆ. ತನ್ನ ಸರ್ಕಾರದ ಜಾಹೀರಾತು ದೊರೆಯಬೇಕಾದದ್ದು ಬೇರೆ ಭಾಷೆಯಲ್ಲಿ ವ್ಯವಹರಿಸುವ ರಾಜಧಾನಿಯಿಂದ. ೧೯೬೯ರ ಕೇರಳ ರಾಜಭಾಷಾ ಅಧಿನಿಯಮ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರ್ಕಾರದೊಡನೆ ಪತ್ರವ್ಯವಹಾರ ಮಾಡುವ ಅವಕಾಶವನ್ನು ಕೊಟ್ಟಿದೆ. ಆದರೆ ಹಕ್ಕು ಬಳಕೆಯಲ್ಲಿ ಉಳಿಯಬೇಕಾದರೆ ಆ ಭಾಷೆಯಲ್ಲಿ ಸುದ್ದಿ ಓದುವವರೂ ಉಳಿಯಬೇಕು. ಸುದ್ದಿ ಓದುವವರು ಉಳಿಯಬೇಕಾದರೆ ಸುದ್ದಿ ಕೊಡುವವನ ಲೆಕ್ಕ ಸರಿದೂಗಬೇಕು. ಅಲ್ಪಸಂಖ್ಯಾತ ಭಾಷೆಯೊಂದರ ಭವಿಷ್ಯ ಒಂದು ಸಣ್ಣ ಮುದ್ರಣಾಲಯದ ಕಿರ್ದಿ ಪುಸ್ತಕದಲ್ಲಿ ಇರುತ್ತದೆಂಬುದು ಉತ್ಪ್ರೇಕ್ಷೆಯಲ್ಲ.

೭

ಮೇಲಿನ ವಿವೇಚನೆಯಿಂದ ಮೂರು ತೀರ್ಮಾನಗಳಿಗೆ ಬರಬಹುದು. ಮುಂಗಡಪತ್ರ ಪತ್ರಿಕೆಯ ಸಂಕಲ್ಪವನ್ನು ಹೇಳುತ್ತದೆ; ಯಾವುದಕ್ಕೆ ಹಣ ಮೀಸಲಾಗಿದೆಯೋ ಅದೇ ಅದರ ನಿಜವಾದ ಧೋರಣೆ. ಮುನ್ನಂದಾಜು ಅದರ ಭಯವನ್ನೂ ಭರವಸೆಯನ್ನೂ ಹೇಳುತ್ತದೆ. ಲಾಭನಷ್ಟದ ತಖ್ತೆ ಅದು ಯಾರಿಗೆ ಋಣಿಯಾಗಿದೆ ಎಂಬುದನ್ನು ಹೇಳುತ್ತದೆ. ಲಾಭ ಬಂದ ಪತ್ರಿಕೆಯೆಲ್ಲ ಸ್ವತಂತ್ರವಲ್ಲ, ನಷ್ಟಪಟ್ಟ ಪತ್ರಿಕೆಯೆಲ್ಲ ಸೋತದ್ದಲ್ಲ ಎಂಬುದನ್ನು ತಿರುವನಂತಪುರದ ಎರಡು ದಿವಾನಗಿರಿಗಳ ಚರಿತ್ರೆ ತೋರಿಸುತ್ತದೆ.

ಈ ದಿಕ್ಕಿನ ಸಂಶೋಧನೆಗೆ ಆಕರಗಳು ಕಡಿಮೆಯೆಂದು ನಿರಾಶರಾಗಬೇಕಾಗಿಲ್ಲ. ೧೯೫೬ರ ನಿಯಮಗಳ ಮೇರೆಗೆ ಪತ್ರಿಕೆಗಳು ಪ್ರತಿವರ್ಷ ಫೆಬ್ರವರಿಯ ಬಳಿಕ ಮಾಲೀಕತ್ವದ ವಿವರಗಳನ್ನು ನಾಲ್ಕನೆಯ ನಮೂನೆಯಲ್ಲಿ ಅಚ್ಚು ಮಾಡುತ್ತಿದ್ದವು. ೧೮೬೭ರ ಹಳೆಯ ಕಾನೂನಿನ ಸ್ಥಾನದಲ್ಲಿ ೨೦೨೩ರ ಪತ್ರಿಕೆ ಮತ್ತು ನಿಯತಕಾಲಿಕಗಳ ನೋಂದಣಿ ಅಧಿನಿಯಮ ೨೦೨೪ರ ಮಾರ್ಚ್ ೧ರಿಂದ ಜಾರಿಗೆ ಬಂದಿದೆ. ಹಳೆಯ ಸಂಚಿಕೆಗಳಲ್ಲಿರುವ ಆ ವಿವರಗಳನ್ನು ವರ್ಷವಾರು ಜೋಡಿಸಿದರೆ ಒಡೆತನ ಕೈಬದಲಾದ ಚಿತ್ರ ದೊರೆಯುತ್ತದೆ. ಕಂಪನಿಗಳ ದಾಖಲೆ, ಮಿಷನ್ನಿನ ವಾರ್ಷಿಕ ವರದಿ, ಸಂಸ್ಥಾನದ ಕಡತ, ಬಾಕಿದಾರರ ಪ್ರಕಟಣೆ ಇವನ್ನು ಒಟ್ಟಿಗಿರಿಸಿ ಓದಬೇಕು.

ಎಲ್ಲಕ್ಕಿಂತ ತುರ್ತಾದದ್ದು ಲೆಕ್ಕಪುಸ್ತಕಗಳ ರಕ್ಷಣೆ. ಒಂದು ಮುದ್ರಣಾಲಯ ಮುಚ್ಚಿದಾಗ ಪತ್ರಿಕೆಯ ಸಂಪುಟಗಳನ್ನು ಯಾರಾದರೂ ಗ್ರಂಥಾಲಯಕ್ಕೆ ಕೊಡುತ್ತಾರೆ. ಕಿರ್ದಿ, ಖಾತೆ, ಚಂದಾದಾರರ ಪಟ್ಟಿಗಳು ರದ್ದಿಗೆ ಹೋಗುತ್ತವೆ. ಚಂದಾದಾರರ ಪಟ್ಟಿಯೊಂದು ಉಳಿದರೆ ಒಂದು ಕಾಲದ ಕನ್ನಡ ಓದುಗರು ಯಾವ ಯಾವ ಊರಿನಲ್ಲಿದ್ದರು, ಮುಂಬಯಿಯಲ್ಲೆಷ್ಟು, ಮದರಾಸಿನಲ್ಲೆಷ್ಟು, ಕಾಸರಗೋಡಿನಲ್ಲೆಷ್ಟು ಎಂಬುದು ತಿಳಿಯುತ್ತದೆ. ಹೊರನಾಡಿನ ಕನ್ನಡ ಪೀಠಗಳು, ಸಂಘಗಳು ತಮ್ಮ ಸುತ್ತಲ ಹಳೆಯ ಪತ್ರಿಕೆಗಳ ಮನೆತನಗಳನ್ನು ಕಂಡು, ಈ ಪುಸ್ತಕಗಳನ್ನು ಪಡೆದು, ಪಟ್ಟಿ ಮಾಡುವ ಕೆಲಸವನ್ನು ಕೈಗೊಳ್ಳುವುದು ಅಗತ್ಯ. ಶಾಸನಗಳನ್ನು ಓದಿ ಅರಸರ ದಾನದತ್ತಿಗಳ ಲೆಕ್ಕವನ್ನು ಬಿಡಿಸಿದ ಪರಂಪರೆ ನಮ್ಮದು. ಆ ಶಿಸ್ತನ್ನೇ ನಿನ್ನೆಯ ಕಿರ್ದಿ ಪುಸ್ತಕಕ್ಕೂ ಅನ್ವಯಿಸಿದರೆ ಕನ್ನಡ ಪತ್ರಿಕೆಗಳ ಚರಿತ್ರೆ ಇನ್ನಷ್ಟು ಪೂರ್ಣವಾಗುವುದರಲ್ಲಿ ಸಂದೇಹವಿಲ್ಲ.